ಕೊಡಗಿನ ಮಳೆಯ ಲೆಕ್ಕವೂ ಕನ್ನಡದ ದುಭಾಷಿಯಂತ್ರವೂ

ಕೊಡಗಿನ ಕಾಫಿ ತೋಟಗಳಲ್ಲಿ ದಿನದಿನದ ಮಳೆಯನ್ನು ಅಳೆದು ಬರೆದಿಡುವ ಪದ್ಧತಿಯು ಬಹುಕಾಲದಿಂದ ನಡೆದು ಬಂದಿರುತ್ತದೆ. ಬೆಳಗ್ಗೆ ಮಳೆಮಾಪಕದಲ್ಲಿ ಕೂಡಿದ ನೀರನ್ನು ಅಳತೆಯ ಗಾಜಿಗೆ ಸುರಿದು, ಕಂಡ ಅಂಕಿಯನ್ನು ಪುಸ್ತಕದಲ್ಲಿ ಗುರುತಿಸುವುದು ತೋಟದ ಯಜಮಾನನ, ಇಲ್ಲವೆ ಆತನ ರೈಟರನ ನಿತ್ಯದ ಕೆಲಸಗಳಲ್ಲೊಂದು. ಈ ಪುಸ್ತಕಗಳಲ್ಲಿ ರೂಢವಾಗಿರುವ ಅಳತೆ ಇಂಚು ಮತ್ತು ಸೆಂಟು. ನೂರು ಸೆಂಟಿಗೆ ಒಂದು ಇಂಚು. ಮೆಟ್ರಿಕ್ ಅಳತೆಗಳ ಕಾಯಿದೆಯು 1956ರಲ್ಲಿ ಆಯಿತು. ಅದೇ ವರ್ಷದ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ಸೇರಿತು. ಆದರೂ ತೋಟದ ಮಾತಿನಿಂದ ಇಂಚೂ ಹೋಗಲಿಲ್ಲ, ಸೆಂಟೂ ಹೋಗಲಿಲ್ಲ. ಸರ್ಕಾರದ ಹವಾಮಾನ ಇಲಾಖೆಯ ಅಂಕಿಗಳಾದರೋ ಮಿಲಿಮೀಟರುಗಳಲ್ಲಿ ಪ್ರಕಟವಾಗುತ್ತವೆ. ಆದುದರಿಂದ ತನ್ನ ಪುಸ್ತಕವನ್ನು ಇಲಾಖೆಯ ಪಟ್ಟಿಯೊಡನೆ ಹೋಲಿಸಿ ನೋಡಬೇಕೆನ್ನುವವನು ಪ್ರತಿಯೊಂದು ಅಂಕಿಯನ್ನೂ ಮಾರ್ಪಡಿಸಿಕೊಳ್ಳಲೇ ಬೇಕು.

ಈ ಲೆಕ್ಕವು ಸುಲಭವೆಂದು ತೋರುವುದು. ಒಂದು ಇಂಚಿಗೆ 25.4 ಮಿಲಿಮೀಟರು, ಒಂದು ಸೆಂಟಿಗೆ 0.254. ಆದರೆ ಹಳೆಯ ಪುಟಗಳಲ್ಲಿ 1.5 ಎಂದು ಬರೆದಿದ್ದರೆ ಅದು ಒಂದು ಇಂಚು ಐದು ಸೆಂಟೋ, ಒಂದೂವರೆ ಇಂಚೋ? ಮೊದಲನೆಯದಾದರೆ ಮಳೆ 26.67 ಮಿಲಿಮೀಟರು, ಎರಡನೆಯದಾದರೆ 38.1. ನಡುವಣ ಅಂತರ 11.43. ಕಾಫಿ ಗಿಡದ ಮೊಗ್ಗು ಅರಳಲು ಬೇಕಾದ ಹೂಮಳೆಯು ಸುಮಾರು ಒಂದಿಂಚಿನ ಆಸುಪಾಸಿನದು. ಅದು ಸಾಲದೆ ಹೋದರೆ ತುಂತುರು ನೀರಾವರಿಯಿಂದ ಕೊರತೆಯನ್ನು ತುಂಬಬೇಕಾಗುವುದು. ಹೀಗಿರುವಲ್ಲಿ ಈ ಅಂತರವನ್ನು ಅಲ್ಪವೆಂದು ತಳ್ಳಿಬಿಡುವಂತಿಲ್ಲ. 2018ರ ಆಗಸ್ಟಿನಲ್ಲಿ ಮಡಿಕೇರಿ, ಸೋಮವಾರಪೇಟೆಗಳ ಕಡೆ ಗುಡ್ಡಗಳು ಜರಿದು ಮನೆಮಾರುಗಳು ಹೋದ ಮೇಲಂತೂ, ಯಾವ ಊರಿನಲ್ಲಿ ಯಾವ ದಿನ ಎಷ್ಟು ಮಳೆ ಬಿದ್ದಿತ್ತೆಂಬುದು ಬರಿಯ ಕೃಷಿಯ ಪ್ರಶ್ನೆಯಾಗಿ ಉಳಿದಿಲ್ಲ.

ಗಣಕಯಂತ್ರಕ್ಕೆ ಈ ಪುಸ್ತಕವನ್ನೆಲ್ಲ ಒಮ್ಮೆಲೇ ಒಪ್ಪಿಸಿಬಿಟ್ಟರೆ ಅದು 1.5 ಅನ್ನು ಒಂದೂವರೆ ಎಂದೇ ತಿಳಿದು, ತುಟಿಪಿಟ್ಟೆನ್ನದೆ ತಪ್ಪು ಲೆಕ್ಕವನ್ನು ಕೊಡುವುದು. ಬರೆದವನೊಡನೆ ಸಾಲುಸಾಲಾಗಿ ಮಾತನಾಡುತ್ತ, ಸಂದೇಹ ಬಂದೆಡೆಯಲ್ಲಿ ನಿಂತು ಕೇಳುವ ಯಂತ್ರವಾದರೆ ಈ ಅಪಾಯವಿಲ್ಲ. ಅಂತಹ ಯಂತ್ರಭಾಗವನ್ನು ಕನ್ನಡದಲ್ಲಿ ಕಟ್ಟುವ ಬಗೆ ಹೇಗೆಂಬುದು ಇಲ್ಲಿಯ ವಿಚಾರ.

ಯಂತ್ರಕ್ಕೆ ಆಜ್ಞೆಗಳನ್ನು ಬರೆಯುವ ಭಾಷೆಯನ್ನು ಯಂತ್ರವು ತಾನೇ ಅರಿಯಲಾರದು; ನಡುವೆ ಒಬ್ಬ ಮಧ್ಯಸ್ಥನು ಬೇಕು. ಈ ಮಧ್ಯಸ್ಥಿಕೆಯಲ್ಲಿ ಎರಡು ವಿಧಗಳುಂಟು. ಕಾಗದಪತ್ರವನ್ನು ಮೊದಲಿಂದ ಕೊನೆಯವರೆಗೆ ಓದಿ, ಮನೆಯಲ್ಲಿ ಕುಳಿತು ಪೂರ್ತಿಯಾಗಿ ಭಾಷಾಂತರಿಸಿ ತಂದೊಪ್ಪಿಸುವವನು ಒಬ್ಬ, ಇವನು ಕಂಪೈಲರ್. ಕಚೇರಿಯಲ್ಲಿ ಇಬ್ಬರ ನಡುವೆ ನಿಂತು, ಒಬ್ಬನು ಒಂದು ಮಾತನ್ನು ಆಡಿದೊಡನೆ ಅದನ್ನು ಮತ್ತೊಬ್ಬನಿಗೆ ತಿಳಿಸಿ, ಅವನ ಉತ್ತರವನ್ನು ಹಿಂದಕ್ಕೆ ತರುವ ದುಭಾಷಿಯು ಇನ್ನೊಬ್ಬ, ಇವನು ಇಂಟರ್‌ಪ್ರಿಟರ್. ಭಾಷಾಂತರಕಾರನ ಕೆಲಸದಲ್ಲಿ ವೇಗವು ಹೆಚ್ಚು. ಆದರೆ ಬರೆದವನು ಎದುರಿಗೆ ಇಲ್ಲದಿರುವುದರಿಂದ ಅವನನ್ನು ಕೇಳುವುದು ಸಾಧ್ಯವಿಲ್ಲ. ದುಭಾಷಿಗೆ ಆ ಸೌಕರ್ಯವಿದೆ. ಅವನ ಬೆಲೆಯೆಲ್ಲ ಅದರಲ್ಲಿಯೇ ಇದೆ ಎಂದರೂ ತಪ್ಪಾಗದು.

ಇಂತಹ ಸಂವಾದಗಳ ಚರಿತ್ರೆಯು ಬಹಳ ಹಳೆಯದಲ್ಲ. ಜಾನ್ ಮೆಕಾರ್ಥಿಯವರು ರೂಪಿಸಿದ ಲಿಸ್ಪ್ ಎಂಬ ಭಾಷೆಯ ಮೌಲ್ಯನಿರ್ಣಯದ ಸೂತ್ರವನ್ನು ಸ್ಟೀವ್ ರಸೆಲ್ ಎಂಬವರು ಯಂತ್ರದಲ್ಲಿ ಅಳವಡಿಸಿದಾಗ ಆ ಭಾಷೆಯ ಮೊದಲನೆಯ ದುಭಾಷಿ ಹುಟ್ಟಿತು. 1963ರ ಸುಮಾರಿಗೆ ಅಮೆರಿಕದ ರ‍್ಯಾಂಡ್ ಸಂಸ್ಥೆಯಲ್ಲಿ ಕ್ಲಿಫ್ ಶಾ ಅವರು ಜಾಸ್ ಎಂಬ ವ್ಯವಸ್ಥೆಯನ್ನು ನಿರ್ಮಿಸಿದರು. ತಿಳಿಯದ ಮಾತು ಬಂದಾಗ ಅದು “ಆಂ?” ಎಂಬರ್ಥದ ಒಂದೇ ಉದ್ಗಾರವನ್ನು ಮುದ್ರಿಸುತ್ತಿತ್ತು. ವಿನೋದಕ್ಕೆ ಇದು ಸೊಗಸು. ಕಲಿಯುವವನಿಗೆ ಮಾತ್ರ ಇದರಿಂದ ಏನೂ ತಿಳಿಯದು. 1967ರಲ್ಲಿ ವಾಲಿ ಫೋಯರ್‌ಜೈಗ್, ಸೀಮೋರ್ ಪ್ಯಾಪರ್ಟ್, ಸಿಂತಿಯಾ ಸಾಲೊಮನ್ ಮೊದಲಾದವರು ಮಕ್ಕಳಿಗಾಗಿ ಲೋಗೊ ಎಂಬ ಭಾಷೆಯನ್ನು ರಚಿಸಿದಾಗ ಈ ಕೊರತೆಯು ಬಹುಮಟ್ಟಿಗೆ ನೀಗಿತು. ಅರಿಯದ ಪದ ಬಂದರೆ ಲೋಗೊ, ಇಂತಹ ಕೆಲಸವನ್ನು ಮಾಡುವುದು ಹೇಗೆಂದು ತನಗೆ ತಿಳಿಯದು ಎಂದು ಆ ಪದವನ್ನೇ ಹೆಸರಿಸಿ ಹೇಳುತ್ತಿತ್ತು. ಅದರಿಂದ ಮಗುವಿಗೆ, ತಪ್ಪು ತನ್ನದೆಂಬ ಅಂಜಿಕೆಗೆ ಬದಲಾಗಿ, ಯಂತ್ರಕ್ಕೆ ಆ ಪದವನ್ನು ತಾನೇ ಕಲಿಸಬಹುದೆಂಬ ಭಾವನೆಯು ಬರುವುದು.

ಕನ್ನಡಕ್ಕೆ ಲೋಗೊವನ್ನು ತಂದವರು ಯು. ಬಿ. ಪವನಜರು. ಅವರು ಸಿದ್ಧಪಡಿಸಿದ ಕನ್ನಡ ಲೋಗೊ ತಂತ್ರಾಂಶಕ್ಕೆ 2006ರಲ್ಲಿ ಮಂಥನ್ ಪ್ರಶಸ್ತಿಯು ದೊರೆಯಿತು. ಇಂಗ್ಲಿಷನ್ನು ಅರಿಯದ ಮಗುವೂ ಯಂತ್ರಕ್ಕೆ ಅಪ್ಪಣೆ ಕೊಡಬಲ್ಲುದೆಂಬುದನ್ನು ಕಣ್ಣೆದುರಿಗೆ ತೋರಿಸಿದ ಕೃತಿಯದು. 2008ರಲ್ಲಿ ಹೊರಬಂದ ಪೈಥಾನ್ ಭಾಷೆಯ ಮೂರನೆಯ ಆವೃತ್ತಿಯು ಚರಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಇಡುವುದಕ್ಕೆ ಅವಕಾಶ ಕೊಟ್ಟಿತು. ೧೦೫ ಎಂಬ ಕನ್ನಡ ಅಂಕಿಗಳ ಸಾಲನ್ನು ಕೊಟ್ಟರೆ ಅದರಿಂದ ನೂರೈದೆಂಬ ಸಂಖ್ಯೆಯನ್ನೂ ಪಡೆಯಬಲ್ಲುದು. ಆದರೆ ಅದರ ಮೂಲಪದಗಳೂ ತಪ್ಪನ್ನು ತಿಳಿಸುವ ಮಾತುಗಳೂ ಇಂಗ್ಲಿಷಿನವೇ. ಪ್ರಶ್ನೆ ಕನ್ನಡದಲ್ಲಿದ್ದು ಉತ್ತರ ಇಂಗ್ಲಿಷಿನಲ್ಲಿ ಬಂದರೆ ಅದು ಅರ್ಧ ದುಭಾಷಿತನವೆಂದೇ ಹೇಳಬೇಕು.

ಇನ್ನು ಕಟ್ಟುವ ಕ್ರಮ. ದುಭಾಷಿಯಂತ್ರವು ಒಂದು ಸಾಲನ್ನು ಓದಿಕೊಳ್ಳುವುದು, ಅದರ ಅರ್ಥವನ್ನು ನೆರವೇರಿಸುವುದು, ಫಲವನ್ನು ಬರೆದು ತೋರಿಸುವುದು, ಮತ್ತೆ ಮೊದಲಿನ ಸ್ಥಾನಕ್ಕೆ ಬಂದು ಕಾಯುವುದು. ಕೇಳುವುದಕ್ಕೆ ಇಷ್ಟೇ. ಕನ್ನಡದ ಮಟ್ಟಿಗೆ ಕಷ್ಟವೆಲ್ಲ ಮೊದಲನೆಯ ಹೆಜ್ಜೆಯಾದ ಓದುವಿಕೆಯಲ್ಲಿದೆ. ಆದುದರಿಂದ ಅದನ್ನು ಕೊಂಚ ವಿಸ್ತಾರವಾಗಿ ನೋಡಬೇಕು.

ಯಂತ್ರದಲ್ಲಿ ಅಕ್ಷರಗಳು ಸಂಕೇತಸಂಖ್ಯೆಗಳಾಗಿ ಇರುತ್ತವೆ. 1991ರಲ್ಲಿ ಹೊರಬಂದ ಯುನಿಕೋಡ್ ಸಂಕೇತದ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಒಂದು ಪಂಕ್ತಿಯನ್ನು ಮೀಸಲಿಟ್ಟಿದ್ದರು. ಆದರೆ ಕಣ್ಣಿಗೆ ಒಂದೇ ಆಗಿ ಕಾಣುವ ಪದವು ಒಳಗೆ ಎರಡು ಬಗೆಯಾಗಿ ಇರಬಹುದು. ಕೊಡಗೆಂಬ ಹೆಸರನ್ನೇ ತೆಗೆದುಕೊಳ್ಳಬಹುದು. ಮೊದಲನೆಯ ಅಕ್ಷರದಲ್ಲಿರುವ ಒಕಾರದ ಚಿಹ್ನೆಗೆ ತನ್ನದೇ ಆದ ಒಂದು ಸಂಕೇತವುಂಟು. ಅದನ್ನು ಎಕಾರದ ಚಿಹ್ನೆ ಮತ್ತು ಊಕಾರದ ಚಿಹ್ನೆ ಎಂಬ ಎರಡು ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ಮೊದಲನೆಯ ರೀತಿಯಲ್ಲಿ “ಕೊಡಗು” ಐದು ಸಂಕೇತಗಳ ಪದ, ಎರಡನೆಯ ರೀತಿಯಲ್ಲಿ ಆರರದು. ಇವೆರಡನ್ನೂ ಒಂದೇ ಎಂದು ಎಣಿಸತಕ್ಕದ್ದೆಂದು ಯುನಿಕೋಡಿನ ನಿಯಮವಿದೆ. ಆದರೆ ನಿಯಮವು ಪುಸ್ತಕದಲ್ಲಿದ್ದರೆ ಸಾಲದು, ಓದುವ ಯಂತ್ರಭಾಗವು ಪ್ರತಿಯೊಂದು ಪದವನ್ನೂ ಒಂದೇ ರೂಪಕ್ಕೆ ತಂದುಕೊಂಡ ಮೇಲೆಯೇ ನಿಘಂಟಿನಲ್ಲಿ ಹುಡುಕಬೇಕು. ಹಾಗೆ ಮಾಡದಿದ್ದರೆ ನಿನ್ನೆ ಕೊಡಗೆಂದು ಹೆಸರಿಟ್ಟ ಪಟ್ಟಿಯನ್ನು ಇಂದು ಮತ್ತೊಂದು ಕೀಲಿಮಣೆಯಿಂದ ಕೇಳಿದಾಗ, ಕೊಡಗೆಂಬುದೇ ಇಲ್ಲವೆಂದು ಉತ್ತರ ಬರುವುದು.

ಕಣ್ಣಿಗೆ ಕಾಣದ ಸಂಕೇತಗಳ ತೊಂದರೆ ಇನ್ನೊಂದು. ಒತ್ತಕ್ಷರವು ಕೂಡದಂತೆ ತಡೆಯುವುದಕ್ಕೂ, ರಕಾರವು ಅರ್ಕಾವೊತ್ತಾಗದಂತೆ ಮಾಡುವುದಕ್ಕೂ ಅಗಲವೇ ಇಲ್ಲದ ಎರಡು ಸಂಕೇತಗಳನ್ನು ಬಳಸುವುದುಂಟು. “ಸೂರ್ಯ” ಎಂದು ಒಬ್ಬನೂ “ಸೂರ‍್ಯ” ಎಂದು ಮತ್ತೊಬ್ಬನೂ ಬರೆದರೆ ಓದುವವನಿಗೆ ಎರಡೂ ಒಂದೇ ಮಾತು. ಯಂತ್ರಕ್ಕೆ ಹಾಗಲ್ಲ. ಪೈಥಾನ್ ಭಾಷೆಯು ಇಂತಹ ಸಂಕೇತವುಳ್ಳ ಹೆಸರನ್ನೇ ತಿರಸ್ಕರಿಸುತ್ತದೆ. ಅದಕ್ಕಿಂತ ಮೃದುವಾದ ಮಾರ್ಗವೊಂದುಂಟು: ನಿಘಂಟಿನಲ್ಲಿ ಹುಡುಕುವಾಗ ಅದೃಶ್ಯ ಸಂಕೇತಗಳನ್ನು ಲೆಕ್ಕಕ್ಕೆ ಹಿಡಿಯದೆ, ತೋರಿಸುವಾಗ ಮಾತ್ರ ಬಳಕೆದಾರನು ಬರೆದಂತೆಯೇ ತೋರಿಸುವುದು.

ಮೂರನೆಯ ತೊಂದರೆಯು ಕನ್ನಡದಲ್ಲಿ ಬೆರಳಚ್ಚು ಮಾಡಿದವರಿಗೆಲ್ಲ ಪರಿಚಿತವಾದುದು. ಅನುಸ್ವಾರದ ಬಿಂದುವಿಗೂ ಸೊನ್ನೆಯ ಅಂಕಿಗೂ ಆಕಾರದಲ್ಲಿ ಭೇದವಿಲ್ಲ. ಅರ್ಕಾವೊತ್ತಿಗೂ ಒಂಬತ್ತರ ಅಂಕಿಗೂ ಅದೇ ಸಂಬಂಧ. “ಇಂಚು” ಎಂಬ ಪದದಲ್ಲಿ ಬಿಂದುವಿನ ಬದಲು ಸೊನ್ನೆ ಬಿದ್ದರೆ ಮನುಷ್ಯನು ಗಮನಿಸಲಾರ. ಯಂತ್ರವಾದರೋ ಅಂಕಿಯು ಬಂದೊಡನೆ ಪದವನ್ನು ಮುರಿದು, ಇಕಾರವೊಂದು, ಸೊನ್ನೆಯೊಂದು, ಚುಕಾರವೊಂದು ಎಂದು ಮೂರು ತುಂಡು ಮಾಡಿ ಮೂರಕ್ಕೂ ಗೊಣಗುವುದು. ಇಲ್ಲಿ ಒಂದು ಸರಳವಾದ ಸೂತ್ರವು ಸಾಕು: ಕನ್ನಡ ಅಕ್ಷರದ ಬೆನ್ನಿಗೇ ಕನ್ನಡದ ಸೊನ್ನೆ ಬಂದರೆ ಅದು ಅನುಸ್ವಾರವಿರಬೇಕೆಂದು ಊಹಿಸಬಹುದು. ಆದರೆ ಊಹಿಸಿ ಸುಮ್ಮನಿರಬಾರದು. “ಸೊನ್ನೆಯನ್ನು ಅನುಸ್ವಾರವೆಂದು ಓದಿದೆ” ಎಂದು ತಿಳಿಸಿ ಮುಂದುವರಿಯಬೇಕು.

ಪದಗಳು ಬೇರೆಬೇರೆಯಾದ ಮೇಲೆ ವಾಕ್ಯದ ಪ್ರಶ್ನೆ. ಇಂಗ್ಲಿಷಿನ ಆಜ್ಞಾವಾಕ್ಯದಲ್ಲಿ ಕ್ರಿಯೆ ಮೊದಲು, ಕರ್ಮ ಆಮೇಲೆ. ಪ್ರಸಿದ್ಧವಾದ ಯಂತ್ರಭಾಷೆಗಳಲ್ಲಿ ಹೆಚ್ಚಿನವು ಇದನ್ನೇ ಅನುಸರಿಸಿವೆ. ಇಂಗ್ಲಿಷ್ ಪದಗಳ ಸ್ಥಾನದಲ್ಲಿ ಕನ್ನಡ ಪದಗಳನ್ನು ಇಟ್ಟಮಾತ್ರಕ್ಕೆ “ಕೂಡು ಎರಡು ಮೂರು” ಎಂಬಂತಹ ವಾಕ್ಯಗಳು ಹುಟ್ಟುತ್ತವೆ. ಇವು ಕನ್ನಡ ಅಕ್ಷರಗಳಲ್ಲಿ ಬರೆದ ಇಂಗ್ಲಿಷೇ ಹೊರತು ಕನ್ನಡವಲ್ಲ. ಕನ್ನಡದಲ್ಲಿ ಕ್ರಿಯಾಪದವು ಕೊನೆಗೆ ಬರುವುದು. ಹಾಗೆ ಕ್ರಿಯೆಯನ್ನು ಕೊನೆಗೆ ಇಡುವ ಯಂತ್ರಭಾಷೆಯೂ ಒಂದುಂಟೆಂಬುದು ಸಂತೋಷದ ಸಂಗತಿ. ಚಾರ್ಲ್ಸ್ ಮೂರ್ ಎಂಬವರು 1970ರ ಸುಮಾರಿಗೆ ಅಮೆರಿಕದ ರೇಡಿಯೋ ಖಗೋಳ ವೀಕ್ಷಣಾಲಯದ ದೂರದರ್ಶಕವನ್ನು ನಡೆಸಲು ಬಳಸಿದ ಫೋರ್ತ್ ಭಾಷೆಯಲ್ಲಿ ಮೊದಲು ಸಂಖ್ಯೆಗಳು, ಕೊನೆಗೆ ಕ್ರಿಯೆ. ಅದರ ದುಭಾಷಿಯು ಅತ್ಯಂತ ಚಿಕ್ಕದು. ಕಟ್ಟಲು ಕಲಿಯುವವನಿಗೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ದೊರೆಯುವುದು ಕಷ್ಟ.

ಈ ಕ್ರಮದಲ್ಲಿ ಎಲ್ಲಕ್ಕೂ ಆಧಾರವಾದುದು ಒಂದು ಅಡಕಲು. ಅಟ್ಟದ ಮೂಲೆಯಲ್ಲಿ ಗಡಿಗೆಗಳನ್ನು ಒಂದರ ಮೇಲೊಂದಾಗಿ ಇಟ್ಟಂತೆ ಯಂತ್ರವು ಸಂಖ್ಯೆಗಳನ್ನು ಇಡುತ್ತದೆ. ತೆಗೆಯುವಾಗ ಮೇಲಿನದನ್ನೇ ಮೊದಲು ತೆಗೆಯಬೇಕು. ಸಂಖ್ಯೆ ಬಂದರೆ ಅಡಕಲಿನ ಮೇಲೆ ಇಡು. ಪದ ಬಂದರೆ ನಿಘಂಟಿನಲ್ಲಿ ಹುಡುಕಿ ಅದು ಹೇಳಿದಂತೆ ನಡೆ. ಎರಡೂ ಅಲ್ಲದ್ದು ಬಂದರೆ ಬಳಕೆದಾರನನ್ನು ಕೇಳು. ದುಭಾಷಿಯ ಹೃದಯವೆಂದರೆ ಈ ಮೂರು ವಿಧಿಗಳು. ವಿವರಣೆಗಾಗಿ ಕಲ್ಪಿಸಿಕೊಂಡ ಒಂದು ಭಾಷೆಯಲ್ಲಿ ತೋಟದ ರೈಟರನು ಹೀಗೆ ಬರೆದನೆನ್ನೋಣ:

1 ಇಂಚು 5 ಸೆಂಟು ಕೂಡು ಮಿಮೀ

ಯಂತ್ರವು ಎಡದಿಂದ ಓದತೊಡಗಿ 1ನ್ನು ಅಡಕಲಿನ ಮೇಲೆ ಇಡುತ್ತದೆ. “ಇಂಚು” ಎಂಬ ಪದವು ಮೇಲಿನ ಸಂಖ್ಯೆಯನ್ನು ತೆಗೆದು, 25,400ರಿಂದ ಗುಣಿಸಿ ಮತ್ತೆ ಇಡುವುದು. 5 ಅದರ ಮೇಲೆ ಕೂರುವುದು. “ಸೆಂಟು” ಅದನ್ನು 254ರಿಂದ ಗುಣಿಸಿ 1,270 ಮಾಡುವುದು. “ಕೂಡು” ಎಂಬುದು ಮೇಲಿನ ಎರಡನ್ನೂ ತೆಗೆದು 26,670ನ್ನು ಇಡುವುದು. “ಮಿಮೀ” ಎಂಬುದು ಅದನ್ನು ಸಾವಿರದಿಂದ ಭಾಗಿಸಿ 26.67 ಎಂದು ಬರೆದು ತೋರಿಸುವುದು. ಇಲ್ಲಿ 25.4ರ ಬದಲು 25,400 ಏಕೆಂದು ವಾಚಕರು ಕೇಳಬಹುದು. ಯಂತ್ರವು ದಶಾಂಶಗಳನ್ನು ಸಾಮಾನ್ಯವಾಗಿ ಎರಡರ ಮೂಲದ ಭಿನ್ನರಾಶಿಗಳಾಗಿ ಇಟ್ಟುಕೊಳ್ಳುವುದರಿಂದ 0.254ರಂತಹ ಸಂಖ್ಯೆಯು ಅದರಲ್ಲಿ ಪೂರ್ಣವಾಗಿ ಹಿಡಿಯದು. ನೂರಾರು ದಿನಗಳ ಮಳೆಯನ್ನು ಕೂಡುತ್ತ ಹೋದರೆ ಕೊನೆಯ ಅಂಕಿಗಳಲ್ಲಿ ಕಸ ಸೇರುವುದು. ಮಿಲಿಮೀಟರಿನ ಸಾವಿರದಲ್ಲೊಂದು ಭಾಗವನ್ನು ಮೂಲಮಾನವಾಗಿ ಹಿಡಿದರೆ ಎಲ್ಲವೂ ಪೂರ್ಣಸಂಖ್ಯೆಗಳಾಗಿ ಉಳಿದು ಲೆಕ್ಕವು ಶುದ್ಧವಾಗಿರುತ್ತದೆ.

ಇದೇ ರೈಟರನು “1.5 ಇಂಚು” ಎಂದು ಬರೆದನೆನ್ನೋಣ. ಚುಕ್ಕೆಯ ಮುಂದೆ ಒಂದೇ ಅಂಕಿಯಿರುವುದನ್ನು ಕಂಡು ದುಭಾಷಿಯು ನಿಲ್ಲಬೇಕು:

1.5 ಇಂಚು ಎಂದರೆ 1 ಇಂಚು 5 ಸೆಂಟೋ, 1 ಇಂಚು 50 ಸೆಂಟೋ?

ಈ ಒಂದು ಸಾಲಿಗಾಗಿಯೇ ಇಷ್ಟೆಲ್ಲ ಪ್ರಯಾಸವನ್ನು ಪಟ್ಟರೂ ಸಾರ್ಥಕವೆನ್ನಬೇಕು.

ಕನ್ನಡದ ವಿಭಕ್ತಿಗಳನ್ನೂ ಸಂಧಿಗಳನ್ನೂ ಯಂತ್ರವು ಬಿಡಿಸಿ ಓದಬೇಕೇ ಎಂಬ ಪ್ರಶ್ನೆಯು ಇಲ್ಲಿ ಬರುವುದು. ಮಳೆಯನ್ನು, ಮಳೆಗೆ, ಮಳೆಯಲ್ಲಿ ಎಂಬ ರೂಪಗಳನ್ನೆಲ್ಲ “ಮಳೆ” ಎಂದೇ ಗ್ರಹಿಸಿದರೆ ಬರವಣಿಗೆಯು ಸಹಜವಾಗುವುದೆಂದು ತೋರುತ್ತದೆ. ಆದರೆ ಹಾಗೆ ಪ್ರತ್ಯಯವನ್ನು ಕತ್ತರಿಸುವ ಯಂತ್ರವು ಇಂದೋ ನಾಳೆಯೋ ಹೆಸರಿನ ತುದಿಯನ್ನೇ ಪ್ರತ್ಯಯವೆಂದು ಭ್ರಮಿಸಿ, ಬರೆದವನು ಹೇಳದಿದ್ದುದನ್ನು ಮಾಡಿಬಿಡುವುದು. ಅತಿಬುದ್ಧಿವಂತನಾದ ದುಭಾಷಿಗಿಂತ ಅಪಾಯಕರನಾದವನು ಇಲ್ಲ. ಪದಗಳನ್ನು ಪ್ರಥಮಾವಿಭಕ್ತಿಯಲ್ಲಿ, ನಡುವೆ ತೆರಪು ಬಿಟ್ಟು ಬರೆಯುವ ನಿಯಮವೇ ಉತ್ತಮ. ಕ್ರಿಯೆಯು ಕೊನೆಗೆ ಬರುವುದರಿಂದ ಅರ್ಥಕ್ಕೆ ಭಂಗವಿಲ್ಲ.

ದುಭಾಷಿಗೆ ಹೊಸ ಪದವನ್ನು ಕಲಿಸುವುದು ಮುಂದಿನ ವಿಷಯ. ತನ್ನ ತೋಟಕ್ಕೆ ಒಂದಿಂಚು ಮುಟ್ಟಿದರೆ ಹೂಮಳೆಯಾಯಿತೆಂದು ಯಜಮಾನನು ನಿಶ್ಚಯಿಸಿದ್ದರೆ, “ಪದ ಹೂಮಳೆ 1 ಇಂಚು ಮುಟ್ಟಿತೇ ಮುಗಿಯಿತು” ಎಂದು ಬರೆದಿಡಬಹುದು. ಆ ಮೇಲೆ “85 ಸೆಂಟು ಹೂಮಳೆ” ಎಂದು ಕೇಳಿದರೆ “ಇಲ್ಲ” ಎಂಬ ಉತ್ತರವು ಬರುವುದು. “ಪದ” ಎಂಬುದನ್ನು ಕಂಡೊಡನೆ ಯಂತ್ರವು ಮುಂದಿನ ಮಾತುಗಳನ್ನು ನಡೆಸುವುದನ್ನು ಬಿಟ್ಟು ಬರೆದುಕೊಳ್ಳಲು ತೊಡಗುತ್ತದೆ. “ಮುಗಿಯಿತು” ಎಂಬುದು ಬಂದಾಗ ಅವನ್ನು ನಿಘಂಟಿನಲ್ಲಿ ಸೇರಿಸುತ್ತದೆ. ಆದರೆ ಬಳಕೆದಾರನು “ಮುಗಿಯಿತು” ಎನ್ನುವುದಕ್ಕೆ ಮೊದಲೇ ಸಾಲನ್ನು ಮುರಿದರೆ? ಅದು ತಪ್ಪಲ್ಲ, ಮಾತು ಮುಗಿದಿಲ್ಲವೆಂದಷ್ಟೇ ಅರ್ಥ. ಅಪೂರ್ಣವನ್ನೂ ಅಶುದ್ಧವನ್ನೂ ಬೇರ್ಪಡಿಸಲು ಅರಿಯದ ದುಭಾಷಿಯು, ಎದುರಿನವನು ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ನಡುವೆ ಬಾಯಿ ಹಾಕುವವನಂತೆ ಅಸಹ್ಯನಾಗುವನು. ಆದುದರಿಂದ ಸಾಮಾನ್ಯವಾಗಿ “ಅಪ್ಪಣೆ?” ಎಂದು ಕೇಳುತ್ತಿರುವ ಯಂತ್ರವು ಇಂತಹ ಸಮಯದಲ್ಲಿ “ಮುಂದೆ?” ಎಂದು ಕೇಳಿ ಕಾಯಬೇಕು.

ತಪ್ಪಾದಾಗ ನಡೆದುಕೊಳ್ಳಬೇಕಾದ ರೀತಿಯಲ್ಲಿ ಒಂದು ಕಟ್ಟುನಿಟ್ಟಿರಬೇಕು: ಸಾಲು ಪೂರ್ಣವಾಗಿ ನಡೆಯಲಿ, ಇಲ್ಲವೆ ನಡೆಯದೇ ಇರಲಿ. ಐದು ಪದಗಳಲ್ಲಿ ನಾಲ್ಕನೆಯದು ತಿಳಿಯದೆಂದು ನಿಂತಾಗ ಮೊದಲಿನ ಮೂರರ ಫಲವು ಅಡಕಲಿನ ಮೇಲೆ ಉಳಿದುಬಿಟ್ಟರೆ ಮುಂದಿನ ಲೆಕ್ಕವೆಲ್ಲ ಕೆಡುವುದು. ಪ್ರತಿಯೊಂದು ಸಾಲಿಗೂ ಮುಂಚೆ ಅಡಕಲಿನ ಪ್ರತಿಯೊಂದನ್ನು ತೆಗೆದಿಟ್ಟುಕೊಂಡು, ತಪ್ಪಾದರೆ ಅದನ್ನೇ ಮರಳಿ ತಂದರೆ ಇದು ಸಾಧಿಸುವುದು. ಕೊನೆಯಿಲ್ಲದೆ ಸುತ್ತುವ ಆಜ್ಞೆಯನ್ನು ಕೊಟ್ಟವನು ಕೀಲಿಯೊತ್ತಿ ನಿಲ್ಲಿಸಿದಾಗಲೂ ಇದೇ ಕ್ರಮ. ಅಡಕಲಿನಲ್ಲಿ ಒಂದೇ ಸಂಖ್ಯೆಯಿದ್ದಾಗ “ಕೂಡು” ಎಂದರೆ “ಕೂಡಲು ಎರಡು ಸಂಖ್ಯೆಗಳು ಬೇಕು, ಇಲ್ಲಿ ಒಂದೇ ಇದೆ” ಎಂದು ಹೇಳಬೇಕೇ ಹೊರತು ಒಳಗಿನ ಯಂತ್ರದ ಪರಿಭಾಷೆಯನ್ನು ಬಳಕೆದಾರನ ಮುಖಕ್ಕೆ ಎರಚಬಾರದು. ಕನ್ನಡದಲ್ಲಿ ಮರ್ಯಾದೆಯ ವಿಚಾರವೂ ಒಂದುಂಟು. ಮನುಷ್ಯನು ಯಂತ್ರಕ್ಕೆ “ಕೂಡು”, “ತೋರಿಸು” ಎಂದು ಏಕವಚನದಲ್ಲಿ ಹೇಳುವುದು ಸಹಜ. ಯಂತ್ರವು ಮಾತ್ರ ಎಪ್ಪತ್ತು ವರ್ಷದ ಯಜಮಾನರಿಗೆ “ಬರೆ” ಎನ್ನಬಾರದು, “ಬರೆಯಿರಿ” ಎನ್ನಬೇಕು. ಇಂಗ್ಲಿಷಿನಿಂದ ಯಾಂತ್ರಿಕವಾಗಿ ಭಾಷಾಂತರಿಸಿದ ಸೂಚನೆಗಳಲ್ಲಿ ಈ ವಿವೇಕವು ತಪ್ಪುವುದುಂಟು.

ಇಷ್ಟೂ ಕನ್ನಡದ ಮಾತಾಯಿತು. ಕೊಡಗಿನಲ್ಲಿ ಮನೆಮಾತು ಕನ್ನಡವೇ ಆಗಿರಬೇಕೆಂಬ ನಿಯಮವಿಲ್ಲ. ಕೊಡವ ತಕ್ಕ್, ಅರೆಭಾಷೆ, ಎರವ ಮೊದಲಾದ ನುಡಿಗಳನ್ನಾಡುವ ಮಕ್ಕಳು ಅಲ್ಲಿಯ ಶಾಲೆಗಳಲ್ಲಿ ಕೂಡಿ ಕಲಿಯುತ್ತಾರೆ. ಪದಗಳ ಪಟ್ಟಿಯನ್ನು ದುಭಾಷಿಯ ಒಡಲಿನಿಂದ ಹೊರಗೆ ಬೇರೆಯಾಗಿ ಇಟ್ಟರೆ, ಅದೇ ಯಂತ್ರಕ್ಕೆ ಕೊಡವ ತಕ್ಕಿನ ಪಟ್ಟಿಯನ್ನು ಜೋಡಿಸುವುದು ಕಷ್ಟವಲ್ಲ. ಕೊಡವ ಭಾಷೆಯ ವಾಕ್ಯದಲ್ಲಿಯೂ ಕ್ರಿಯೆಯು ಕೊನೆಗೇ ಬರುವುದರಿಂದ ವಾಕ್ಯಕ್ರಮವನ್ನು ಬದಲಿಸಬೇಕಾಗಿಯೂ ಇಲ್ಲ. ಲಿಪಿಯೂ ಸಿದ್ಧವಾಗಿದೆ. ಹರದಾಸ ಅಪ್ಪಚ್ಚ ಕವಿಗಳ ನಾಟಕಗಳೂ, ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲಿ ಪ್ರಕಟಿಸಿದ ಪಟ್ಟೋಲೆ ಪಳಮೆಯೂ ಕನ್ನಡ ಲಿಪಿಯಲ್ಲಿಯೇ ಅಚ್ಚಾದುವು.

ತೊಡಕು ಸ್ವರಗಳಲ್ಲಿದೆ. ಕ್ಯಾಪ್ಟನ್ ಕೋಲ್ ಅವರು 1867ರಲ್ಲಿ ಕೊಡಗು ಭಾಷೆಯ ವ್ಯಾಕರಣವನ್ನು ಬರೆದಂದಿನಿಂದ ಈ ನುಡಿಯನ್ನು ವಿದ್ವಾಂಸರು ಪರಿಶೀಲಿಸುತ್ತ ಬಂದಿದ್ದಾರೆ. ಎಮಿನೋ ಅವರು 1970ರಲ್ಲಿ ಇದರ ಸ್ವರಗಳ ವಿಚಾರವಾಗಿಯೇ ಲೇಖನವನ್ನು ಬರೆದರು. ಇಕಾರ ಎಕಾರಗಳಿಗೆ ಸಮೀಪದವಾಗಿದ್ದೂ ನಾಲಗೆಯ ನಡುವಿನಿಂದ ಹುಟ್ಟುವ, ಹ್ರಸ್ವ ದೀರ್ಘಗಳೆರಡೂ ಉಳ್ಳ ಸ್ವರಗಳು ಕೊಡವ ಭಾಷೆಯಲ್ಲಿವೆ. ಕನ್ನಡದ ವರ್ಣಮಾಲೆಯಲ್ಲಿ ಅವಕ್ಕೆ ಪ್ರತ್ಯೇಕ ಚಿಹ್ನೆಗಳಿಲ್ಲ. ಓದುವ ಮನುಷ್ಯನು ಸಂದರ್ಭದಿಂದ ಉಚ್ಚಾರವನ್ನು ಸರಿಪಡಿಸಿಕೊಳ್ಳುವನು. ನಿಘಂಟಿನಲ್ಲಿ ಹುಡುಕುವ ಯಂತ್ರಕ್ಕೆ ಸಂದರ್ಭವೆಂಬುದಿಲ್ಲ. ಸ್ವರದಲ್ಲಿ ಮಾತ್ರ ಬೇರೆಯಾದ ಎರಡು ಪದಗಳು ಬರಹದಲ್ಲಿ ಒಂದೇ ಆಗಿ ನಿಂತರೆ, ಎರಡನೆಯದನ್ನು ಸೇರಿಸಿದೊಡನೆ ಮೊದಲನೆಯದು ಅಳಿದುಹೋಗುವುದು. ಆದುದರಿಂದ ಹೊಸ ಪದವನ್ನು ಸೇರಿಸುವಾಗ ಅದೇ ಅಕ್ಷರಗಳ ಪದವು ಮೊದಲೇ ಇದ್ದಲ್ಲಿ ದುಭಾಷಿಯು ಅದನ್ನು ಸದ್ದಿಲ್ಲದೆ ಅಳಿಸದೆ, ಹಳೆಯದರ ಅರ್ಥವನ್ನು ತೋರಿಸಿ, ಅದನ್ನು ಬದಲಿಸಬೇಕೋ, ಹೊಸದಕ್ಕೆ ಬೇರೆ ಬರಹವನ್ನು ಕೊಡಬೇಕೋ ಎಂದು ಕೇಳತಕ್ಕದ್ದು. ಕೊಡವ ತಕ್ಕಿನ ಪಟ್ಟಿಯನ್ನು ಸಿದ್ಧಪಡಿಸುವವರು ಮೂಲಪದಗಳನ್ನೆಲ್ಲ ಒಂದೊಂದಾಗಿ ಈ ಯಂತ್ರದೆದುರಿಗೇ ಬರೆಯುತ್ತ ಹೋದರೆ, ಅಂತಹ ಜೋಡಿಗಳು ಎಲ್ಲೆಲ್ಲಿವೆಯೆಂಬುದು ಮೊದಲನೆಯ ಕುಳಿತದಲ್ಲಿಯೇ ಗೊತ್ತಾಗುವುದು.